ನಾನು ಕಟ್ಟಿದ ಒಂಬತ್ತನೆಯ ಕೋಣೆ

ನಾನು ಗಾರೆ ಮೇಸ್ತ್ರಿ. ಹಳೆಯ ಗುಡಿ, ಮಂಟಪ, ಕೋಟೆಗೋಡೆಗಳನ್ನು ರಿಪೇರಿ ಮಾಡುವ ಸರ್ಕಾರಿ ಇಲಾಖೆಯೊಂದಕ್ಕೆ ದಿನಗೂಲಿಯಾಗಿ ಸೇರಿ, ಮೇಸ್ತ್ರಿಯಾಗಿ ನಿವೃತ್ತನಾದವನು. ಈಗ ಆ ಕೆಲಸಕ್ಕೆ ಸೇರುವ ಹೊಸಬರು ಆಗಾಗ ಬಿಳಿಗೆರೆಯ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿಯುತ್ತಾ, ಗಾರೆಗೆ ಬೆಲ್ಲ ಎಷ್ಟು, ಮರಳು ಎಷ್ಟು ಎಂದು ಕೇಳಿ, ಫೋನಿನಲ್ಲಿ ಗುರುತು ಹಾಕಿಕೊಂಡು ಹೋಗುತ್ತಾರೆ. ಹೇಳಿ ಕಳಿಸುತ್ತೇನೆ. ಅವರು ಗೇಟು ದಾಟಿದ ಮೇಲೆ, ಕೇಳಬೇಕಾದ್ದನ್ನು ಇವರು ಕೇಳಲಿಲ್ಲ, ಹೇಳಬೇಕಾದ್ದನ್ನು ನಾನೂ ಹೇಳಲಿಲ್ಲ ಅನ್ನಿಸುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಯಾವ ವರ್ಷ ಕಾಯಂ ಆದೆ, ಯಾವಾಗ ಬಡ್ತಿ ಬಂತು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ. ಬೇಕಾದವರು ಅಲ್ಲಿ ನೋಡಿಕೊಳ್ಳಲಿ.

ನನಗೆ ಕೆಲಸ ಕಲಿಸಿದವರು ಸೋಮನಾಥಪುರದ ಮಾದಯ್ಯನವರು. ಅಕ್ಷರ ಅಷ್ಟಕ್ಕಷ್ಟೆ. ಆದರೆ ಸುಣ್ಣ ನೆನೆಹಾಕಿದ ಗುಂಡಿಯಲ್ಲಿ ಕೋಲು ಆಡಿಸಿ, ಕೋಲಿಗೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ, ಇನ್ನೂ ಹದಿನೈದು ದಿನ ಬಿಡಬೇಕು ಎನ್ನುತ್ತಿದ್ದರು. ಹದಿನೈದು ಎಂದರೆ ಹದಿನೈದೇ. ಮೊದಲ ಆರು ತಿಂಗಳು ನನಗೆ ಗಾರೆ ಮೆತ್ತುವ ಕರಣೆ ಮುಟ್ಟಲು ಕೊಡಲಿಲ್ಲ. ಸುಣ್ಣದ ಗುಂಡಿ ಕಲಕುವುದು, ಗಾರೆ ಅರೆಯುವ ಗಾಣದಲ್ಲಿ ಎತ್ತಿನ ಹಿಂದೆ ಸುತ್ತುವುದು, ಇಷ್ಟೇ. ಎತ್ತಿಗೂ ನನಗೂ ವ್ಯತ್ಯಾಸವೇ ಇಲ್ಲವಲ್ಲ ಎಂದು ಒಂದು ದಿನ ಗೊಣಗಿದ್ದು ಅವರ ಕಿವಿಗೆ ಬಿತ್ತು.

“ಎತ್ತು ನಿನ್ನಂಗೆ ಅವ್ಸರ ಮಾಡಕಿಲ್ಲ ಕಣ್ಲಾ ಮಲ್ಲಪ್ಪ,” ಎಂದರು. “ಸುಣ್ಣ ನಿನ್ ಮಾತ್ ಕೇಳಕಿಲ್ಲ. ನೀನೇ ಅದ್ರ ಮಾತ್ ಕೇಳೋದ್ ಕಲಿ.”

ಕಲಿತೆ. ಹಾಗಂತ ತಪ್ಪು ಮಾಡಲಿಲ್ಲವೆಂದಲ್ಲ. ಮೊದಲ ಬಾರಿ ಒಬ್ಬನೇ ಕೆಲಸ ವಹಿಸಿಕೊಂಡದ್ದು ಕಳಲೆ ಕಡೆಯ ತೋಟವೊಂದರಲ್ಲಿದ್ದ ಪಾಳುಮಂಟಪದ ಮಾಳಿಗೆಗೆ. ಗುರುವನ್ನು ಮೀರಿಸುವ ಹುಮ್ಮಸ್ಸಿನಲ್ಲಿ, ಗಾರೆ ಬಿಗಿಯಾಗಲಿ ಎಂದು ಬೆಲ್ಲದ ನೀರನ್ನು ಒಂದಕ್ಕೆ ಮೂರು ಸುರಿದೆ. ಮಾರನೆಯ ದಿನ ಬಂದು ನೋಡಿದರೆ ಮಾಳಿಗೆ ಕಪ್ಪಗೆ ಮಿಜಿಮಿಜಿ ಅನ್ನುತ್ತಿದೆ. ಸುತ್ತಲ ತೋಟಗಳ ಇರುವೆಯೆಲ್ಲ ಅಲ್ಲಿ ಸೇರಿ ನನ್ನ ಗಾರೆಯನ್ನು ಪುಡಿ ಪುಡಿ ಮಾಡಿ ಹೊತ್ತೊಯ್ಯುತ್ತಿತ್ತು. ಮಾದಯ್ಯನವರು ಬಯ್ಯಲಿಲ್ಲ. ಕೂತು ಒಂದು ಎಲೆಯಡಿಕೆ ಹಾಕಿ, ಇರುವೆಗಳು ಮುಗಿಸಲಿ, ಆಮೇಲೆ ಶುರುಮಾಡು ಎಂದರು. ಇಂದಿಗೂ ಯಾರಾದರೂ ಬೆಲ್ಲದ ಲೆಕ್ಕ ಕೇಳಿದರೆ ನನಗೆ ಮೈಮೇಲೆ ಇರುವೆ ಹರಿದಂತಾಗುತ್ತದೆ.

ಅವರ ಇನ್ನೊಂದು ಮಾತನ್ನು ನಾನು ವೇದವಾಕ್ಯವೆಂದು ಹಿಡಿದುಕೊಂಡೆ. ರಿಪೇರಿ ಮಾಡಿದ ಮೇಸ್ತ್ರಿಯ ಕೈ ಗೋಡೆಯಲ್ಲಿ ಕಾಣಬಾರದು ಎನ್ನುತ್ತಿದ್ದರು. ಹಳೆಯದು ಎಲ್ಲಿ ಮುಗಿಯಿತು, ನಿನ್ನದು ಎಲ್ಲಿ ಶುರುವಾಯಿತು ಎಂದು ದೇವರಿಗೂ ಗೊತ್ತಾಗಬಾರದು. ಇಲಾಖೆಯ ನಿಯಮ ಇದಕ್ಕೆ ತದ್ವಿರುದ್ಧ. ಹೊಸದಾಗಿ ಕಟ್ಟಿದ್ದು ಹಳೆಯ ಗೋಡೆಗಿಂತ ಒಂದು ಬೆರಳು ಒಳಸರಿದು ನಿಲ್ಲಬೇಕು, ನೋಡಿದವರಿಗೆ ಇದು ಹೊಸದು ಎಂದು ತಿಳಿಯಬೇಕು. ನಿಯಮ ಓದಿದಾಗ ನಾನು ನಕ್ಕಿದ್ದೆ. ಚೆನ್ನಾಗಿರುವ ಹಲ್ಲಿನ ಸಾಲಿನಲ್ಲಿ ಬೇಕೆಂದೇ ಒಂದು ಹಲ್ಲನ್ನು ಒಳಗೆ ತಳ್ಳಿ ಕೂರಿಸಿದ ಹಾಗೆ ಕಾಣುತ್ತದಲ್ಲ, ಅದ್ಯಾವ ಸೀಮೆ ಕೆಲಸ ಎಂದುಕೊಂಡೆ.

ತೊಂಬತ್ತರ ದಶಕದ ಶುರುವಿನಲ್ಲಿ ಎಲ್ಲರಿಗೂ ಸಿಮೆಂಟಿನ ಹುಚ್ಚು. ಗಾಣದ ಎತ್ತು ಮಾರಾಟವಾಯಿತು, ಗಾಣದ ಕಲ್ಲನ್ನು ಯಾರೋ ಬಟ್ಟೆ ಒಗೆಯಲು ಉರುಳಿಸಿಕೊಂಡು ಹೋದರು. ಒಂದು ಇಟ್ಟಿಗೆ ಗೋಪುರಕ್ಕೆ ಸಿಮೆಂಟಿನ ತೇಪೆ ಹಾಕಿ ಎಂದು ಆದೇಶ ಬಂತು, ಹಾಕಿದೆವು. ನಾಲ್ಕು ಮಳೆಗಾಲ ಕಳೆಯುವುದರಲ್ಲಿ ಒಳಗಿನ ಉಪ್ಪು ಹೊರಬರಲು ದಾರಿಯಿಲ್ಲದೆ ಇಟ್ಟಿಗೆಗಳೇ ಹುಡಿಯಾಗಿ ಉದುರಿದವು. ಇಟ್ಟಿಗೆ ಹೋಗಿ, ಅದರ ಸುತ್ತ ಮೆತ್ತಿದ್ದ ಸಿಮೆಂಟು ಮಾತ್ರ ಖಾಲಿ ಗೂಡಿನಂತೆ ಉಳಿಯಿತು. ಅದನ್ನು ನೋಡಿದ ನಮ್ಮ ಎಂಜಿನಿಯರ್ ರಾಮಪ್ರಸಾದ್ ಸಾಹೇಬರು ತಲೆ ತಗ್ಗಿಸಿಕೊಂಡು ನನ್ನ ಹತ್ತಿರ ಬಂದು, ಗಾಣ ಎಲ್ಲಿ ಸಿಗುತ್ತೆ ಮಲ್ಲಪ್ಪ ಎಂದು ಕೇಳಿದರು. ಆ ಮಟ್ಟಿಗೆ ಅವರು ದೊಡ್ಡ ಮನುಷ್ಯರು. ಎಂಜಿನಿಯರ್ ಒಬ್ಬರು ಮೇಸ್ತ್ರಿಯ ಮುಂದೆ ತಪ್ಪು ಒಪ್ಪಿಕೊಂಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಹೇಳಬೇಕೆಂದಿರುವ ಕಥೆ ಅಲ್ಲಿಂದ ಶುರುವಾಗುತ್ತದೆ. ನಂಜನಗೂಡಿನಿಂದ ನರಸೀಪುರದ ಕಡೆ ಹೋಗುವಾಗ ಹೊಳೆ ದಡಕ್ಕೆ ಮಾಳಿಗೆಹುಂಡಿ ಎಂಬ ಸಣ್ಣ ಊರು. ಊರ ಪಕ್ಕದ ಮಣ್ಣುದಿಬ್ಬವನ್ನು ಜನ ಬೋಳರ ದಿಬ್ಬ ಎನ್ನುತ್ತಿದ್ದರು. ಯಾವ ಬೋಳರು ಎಂದು ಕೇಳಿದರೆ, ಹಿಂದೆ ಇದ್ದರಂತೆ ಎನ್ನುವುದಷ್ಟೇ ಉತ್ತರ. ಇಲಾಖೆಯವರು ಅಗೆದಾಗ ಕೈಚೀಲದಷ್ಟು ದೊಡ್ಡ ಇಟ್ಟಿಗೆಗಳ ಗೋಡೆ ಎದ್ದಿತು. ನಡುವೆ ಅಂಗಳ, ಅಂಗಳದ ಒಂದು ಬದಿಗೆ ನಾಲ್ಕು ಕೋಣೆ, ಎದುರು ಬದಿಗೆ ನಾಲ್ಕು. ಒಬ್ಬ ಮನುಷ್ಯ ಕಾಲು ಚಾಚಿ ಮಲಗಿದರೆ ಮುಗಿಯಿತು, ಅಷ್ಟೇ ಜಾಗದ ಕೋಣೆಗಳು. ಬೆರಳುದ್ದದ ಮಣ್ಣಿನ ಮುದ್ರೆಗಳು ಸಿಕ್ಕವು. ಅವುಗಳ ಮೇಲೆ ಸ್ತೂಪದ ಗುರುತು. ಬೌದ್ಧ ಭಿಕ್ಷುಗಳ ವಿಹಾರ ಎಂದು ತೀರ್ಮಾನವಾಯಿತು. ವರ್ಷವಿಡೀ ಊರೂರು ಅಲೆಯುವ ಭಿಕ್ಷುಗಳು ಮಳೆಗಾಲದಲ್ಲಿ ಒಂದೆಡೆ ನಿಲ್ಲುತ್ತಿದ್ದರಂತೆ. ನಾವು ಶಿವಪೂಜೆಯ ಮಂದಿ, ಮಠ ಎಂದರೆ ನಮಗೆ ದಾಸೋಹ, ಬಸವಣ್ಣ, ಸ್ವಾಮಿಗಳು. ಆ ಬರಿಗೋಡೆಗಳ ನಡುವೆ ನಿಂತಾಗ, ಇದೂ ಮಠವೇ, ನಮ್ಮ ಹೊಳೆಯ ನೀರನ್ನೇ ಇವರೂ ಕುಡಿದವರು ಎಂದು ನನಗೆ ಬಹಳ ಹತ್ತಿರ ಅನ್ನಿಸಿತು.

ಅಂಗಳದ ಹೊಳೆ ಕಡೆಯ ಕೊನೆ ಮಾತ್ರ ಕುಸಿದು ಮಣ್ಣು ತುಂಬಿಕೊಂಡಿತ್ತು. ಅದನ್ನು ಅಗೆಯಲು ಆಗ ಸಮಯವಿರಲಿಲ್ಲ. ಮಳೆ ಬಂದರೆ ಆ ಮಣ್ಣು ಜಾರಿ ಎಂಟನೆಯ ಕೋಣೆಯನ್ನೂ ಎಳೆದುಕೊಂಡು ಹೋಗುತ್ತದೆ, ಒಂದು ಆಸರೆ ಗೋಡೆ ಕಟ್ಟಿ ಎಂದು ರಾಮಪ್ರಸಾದ್ ಸಾಹೇಬರು ಹೇಳಿದರು. ಇಟ್ಟಿಗೆ ಎಲ್ಲಿಂದ ತರುವುದು? ಆ ಅಳತೆಯದು ಯಾವ ಭಟ್ಟಿಯಲ್ಲೂ ಇಲ್ಲ. ಆದರೆ ಊರಿನಲ್ಲಿತ್ತು. ಮಾಳಿಗೆಹುಂಡಿಯ ಹೆಂಗಸರಿಗೆ ತಲೆತಲಾಂತರದ ಒಂದು ರೂಢಿ: ಮನೆಯಲ್ಲಿ ಹೆರಿಗೆಯಾದರೆ, ಬಾಣಂತಿಗೆ ನೀರು ಕಾಯಿಸುವ ಬಚ್ಚಲೊಲೆಗೆ ದಿಬ್ಬದ ಇಟ್ಟಿಗೆಯನ್ನೇ ಇಡಬೇಕು. ಕಾವು ಬೇಗ ಇಳಿಯುವುದಿಲ್ಲ, ಮಗುವಿಗೆ ಶೀತವಾಗುವುದಿಲ್ಲ ಎಂದು. ಹಾಗಾಗಿ ಮನೆಗೆ ಮೂರು ನಾಲ್ಕರಂತೆ ವಿಹಾರದ ಇಟ್ಟಿಗೆ ಊರ ಬಚ್ಚಲುಗಳಲ್ಲಿ ಸೇರಿತ್ತು.

ಮನೆಮನೆಗೆ ಹೋಗಿ ಕೇಳಿದೆ. ಮೊದಲು ಕೊಟ್ಟವರು ಪುಟ್ಟತಾಯಮ್ಮ ಎಂಬ ಎಪ್ಪತ್ತು ದಾಟಿದ ಮುದುಕಿ, ಊರಿನ ಅರ್ಧ ಮಕ್ಕಳಿಗೆ ನೀರು ಎರೆದವರು. ಒಲೆಯಿಂದ ಮೂರು ಇಟ್ಟಿಗೆ ಕಿತ್ತು ಸೆರಗಿನಲ್ಲಿ ಮಸಿ ಒರೆಸಿದರು.

“ತಕಂಡೋಗಪ್ಪ. ನಮ್ಮತ್ತೆ ಕಾಲ್ದಿಂದ್ಲೂ ಇದ್ರ ಮ್ಯಾಲೇ ನೀರ್ ಕಾಯ್ಸಿವಿ. ಅವರದನ್ನ ಅವರಿಗೇ ಕೊಟ್ಬುಡು.”

ಆ ಗೋಡೆಗೆ ನಾನು ಹಾಕಿದ ಶ್ರದ್ಧೆಯನ್ನು ನನ್ನ ಸ್ವಂತ ಮನೆಗೂ ಹಾಕಿಲ್ಲ. ಮಸಿ ಹಿಡಿದ ಮುಖ ಗಾರೆಯೊಳಗೆ, ಒಳ್ಳೆಯ ಮುಖ ಹೊರಗೆ. ಎರಡು ತಿಂಗಳು ನೆನೆದ ಸುಣ್ಣ, ಹೊಳೆಮರಳು, ಇಟ್ಟಿಗೆಪುಡಿ, ಅಳಲೆಕಾಯಿ ನೀರು. ನೆಟ್ಟಗೆ ಕಟ್ಟಿದರೆ ಮಣ್ಣಿನ ಭಾರಕ್ಕೆ ವಾಲುತ್ತದೆಂದು ಎರಡು ಕಡೆ ಮೂಲೆ ತಿರುಗಿಸಿ ಅಂಗಳದ ಕಡೆಗೆ ಮಡಚಿ ತಂದೆ. ಮಣ್ಣಿನಿಂದ ಜಿನುಗುವ ನೀರು ಅಂಗಳಕ್ಕೆ ಹೋಗಲು ಆ ಎರಡು ಮಡಿಕೆಗಳ ನಡುವೆ ಒಂದು ಸಂದು ಬಿಟ್ಟೆ. ಎಷ್ಟಗಲ ಬಿಡಲಿ ಎಂದು ಯೋಚಿಸುವ ಮೊದಲೇ ಕೈ ಪಕ್ಕದ ಕೋಣೆಯ ಬಾಗಿಲಿನ ಅಳತೆಯನ್ನೇ ಬಿಟ್ಟಿತ್ತು. ಒಂದು ಬೆರಳು ಒಳಸರಿಸುವ ನಿಯಮ ನೆನಪಿತ್ತು. ಅದನ್ನು ಮಾಡಲಿಲ್ಲ. ಸಾಹೇಬರು ಬಂದು ನೋಡಿ, ಎಲ್ಲಿ ನಿಮ್ಮ ಗೋಡೆ ಎಂದು ಹುಡುಕಿದರು. ನಾನು ಬೆರಳು ಮಾಡಿ ತೋರಿಸಿದಾಗ ನಕ್ಕು ಬೆನ್ನು ತಟ್ಟಿದರು. ನಿಯಮ ಅವರಿಗೂ ಮರೆತುಹೋಯಿತು. ಕಡತದಲ್ಲಿ ಆಸರೆ ಗೋಡೆ ಪೂರ್ಣಗೊಂಡಿದೆ ಎಂದು ಒಂದೇ ಸಾಲು ಬಂತು. ಎಲ್ಲಿ, ಯಾವುದು ಎಂದು ಬರೆಯಲಿಲ್ಲ. ಅವರಿಗೆ ವರ್ಗವಾಯಿತು, ನಾನೂ ಬೇರೆ ಕೆಲಸಕ್ಕೆ ಹೋದೆ.

ಏಳೆಂಟು ವರ್ಷ ಕಳೆದು, ಹೊಸ ಶತಮಾನ ಬಂದ ಮೇಲೆ ಮತ್ತೆ ಮಾಳಿಗೆಹುಂಡಿಗೆ ನನ್ನನ್ನು ಹಾಕಿದರು. ವಿಹಾರದ ಚರಿತ್ರೆ ಬರೆಯಲು ಪ್ರೊಫೆಸರ್ ವಸುಮತಿ ಮೇಡಂ ಮೈಸೂರಿನಿಂದ ಬರುತ್ತಿದ್ದರು. ಬಿಸಿಲಿಗೆ ಹ್ಯಾಟು, ಕೈಯಲ್ಲಿ ಟೇಪು, ಊಟಕ್ಕೆ ಬುತ್ತಿ. ಕೂಲಿಯವರನ್ನೂ ಬನ್ನಿ ಹೋಗಿ ಎಂದೇ ಮಾತಾಡಿಸುವ ಹೆಂಗಸು. ಮೊದಲ ವಾರವೇ ಅವರು ಅಂಗಳದ ನಡುವೆ ನಿಂತು ಎಣಿಸಿ, ಒಂಬತ್ತು ಕೋಣೆ ಎಂದು ಬರೆದುಕೊಂಡರು. ನನ್ನ ಕಿವಿ ನೆಟ್ಟಗಾಯಿತು. ಎರಡು ಮೂಲೆ, ನಡುವೆ ಬಾಗಿಲಿನಗಲದ ಸಂದು ಇದ್ದ ನನ್ನ ಆಸರೆ ಗೋಡೆ ಅವರ ಕಣ್ಣಿಗೆ ಕೋಣೆಯಾಗಿತ್ತು.

ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆಂದರೆ ಅವರು ನನ್ನ ಗೋಡೆಯ ಮುಂದೆ ಹೋಗಿ ಅದರ ಮೇಲೆ ಅಂಗೈ ಇಟ್ಟು, ನೋಡಿ ಮಲ್ಲಪ್ಪನವರೇ, ಉಳಿದ ಎಂಟಕ್ಕಿಂತ ಇದರ ಕೆಲಸ ಎಷ್ಟು ಚೊಕ್ಕ, ಆ ಕಾಲದವರ ಕೈಯೇ ಕೈ ಎಂದರು. ಮೂವತ್ತು ವರ್ಷ ಸುಣ್ಣದಲ್ಲಿ ಕೈ ಸುಟ್ಟುಕೊಂಡವನಿಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು? ಎದೆ ಉಬ್ಬಿತು. ನನ್ನನ್ನು ಹೊಗಳಿದ್ದರೆ ಇಷ್ಟು ಉಬ್ಬುತ್ತಿರಲಿಲ್ಲ. ಸಾವಿರ ವರ್ಷದ ಹಿಂದಿನ ಮೇಸ್ತ್ರಿ ಎಂದು ತಿಳಿದು ಹೊಗಳಿದ್ದರಲ್ಲ! ಇನ್ನೊಂದು ದಿನ ಅನುಭವಿಸೋಣ, ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಬಂತು, ಹೋಯಿತು. ಸೋಮನಾಥಪುರಕ್ಕೆ ಹೋದಾಗ ಮಾದಯ್ಯನವರ ಮನೆಯವರಿಗೆ ಇದನ್ನು ಹೇಳಿ ಹೆಮ್ಮೆಪಟ್ಟೂ ಬಂದೆ. ಗುರುಗಳು ಅಷ್ಟರಲ್ಲಿ ತೀರಿಕೊಂಡಿದ್ದರು.

ಅಷ್ಟರಲ್ಲಿ ಮೇಡಂ ಆ ಒಂಬತ್ತನೆಯ ಕೋಣೆಯ ಮೇಲೆ ದೊಡ್ಡ ವಿಚಾರವನ್ನೇ ಕಟ್ಟಿದರು. ಅದು ಸಾಲು ಬಿಟ್ಟು ಹೊಳೆಯ ಕಡೆಗಿದೆ, ಕೆಲಸವೂ ಮೇಲಾಗಿದೆ. ಆದ್ದರಿಂದ ಅದು ವಿಹಾರದ ಹಿರಿಯ ಭಿಕ್ಷುವಿನದೇ ಆಗಿರಬೇಕು ಎಂದು. ಅದನ್ನೇ ಲೇಖನಕ್ಕೆ ಬರೆದರು. ಬಾಗಿಲಲ್ಲಿ ನಿಲ್ಲಿಸುವ ಕಲ್ಲಿನ ಫಲಕಕ್ಕೂ ಅದೇ ಒಕ್ಕಣೆ ಹೋಯಿತು. ನಾನು ಒಂದು ತಿಂಗಳು ಬಾಯಿ ಮುಚ್ಚಿಕೊಂಡೇ ಇದ್ದೆ.

ಒಂದು ಬೆಳಿಗ್ಗೆ ಮೇಡಂ ಜೊತೆ ಬೈಲುಕುಪ್ಪೆಯಿಂದ ಒಬ್ಬ ಟಿಬೆಟನ್ ಭಿಕ್ಷು ಬಂದರು. ತುಂಬಾ ವಯಸ್ಸಾದವರು, ನಡೆಯಲು ಕಷ್ಟ. ಕನ್ನಡ ಸ್ವಲ್ಪ ಬರುತ್ತಿತ್ತು. ಎಂಟು ಕೋಣೆಗಳ ಮುಂದೆಯೂ ನಿಂತು ಕೈಮುಗಿದರು. ಇದು ಹಿರಿಯರ ಕೋಣೆ ಎಂದು ಮೇಡಂ ತೋರಿಸಿದಾಗ ಅವರು ಚಪ್ಪಲಿ ಬಿಟ್ಟು, ನಾನು ನೀರಿಗೆಂದು ಬಿಟ್ಟಿದ್ದ ಸಂದಿನಿಂದ ಒಳಗೆ ಹೋಗಿ, ನೆಲಕ್ಕೆ ಕೂತು ಗೋಡೆಗೆ ಹಣೆ ಹಚ್ಚಿದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ತಮ್ಮ ದೇಶದ ಮಠವನ್ನು ಪ್ರಾಯದಲ್ಲೇ ಬಿಟ್ಟು ಓಡಿಬಂದವರಂತೆ, ಅದು ಈಗ ಇಲ್ಲವಂತೆ.

ಅವರು ಹಣೆ ಇಟ್ಟಿದ್ದ ಇಟ್ಟಿಗೆ ಪುಟ್ಟತಾಯಮ್ಮನ ಬಚ್ಚಲೊಲೆಯದು. ನನಗೆ ನಗು ಬರಬೇಕಿತ್ತು. ಬರಲಿಲ್ಲ. ಅಷ್ಟು ದೂರದಿಂದ ಬಂದ ಆ ಜೀವ ತನ್ನವರ ಗೋಡೆ ಎಂದು ನಂಬಿ ತಲೆ ಬಾಗಿಸಿದೆ. ನನ್ನ ಕೈಚಳಕಕ್ಕೆ ಅವರ ಭಕ್ತಿಯನ್ನು ಕದ್ದುಕೊಂಡೆನಲ್ಲ ಎಂದು ನಾಚಿಕೆಯಾಯಿತು. ಅವರು ಎದ್ದು ಹೊರಗೆ ಬಂದ ಕೂಡಲೇ ಮೇಡಂ ಮುಂದೆ ನಿಂತೆ.

“ಈ ಕೋಣೆ ಅವರದಲ್ಲ ಮೇಡಂ. ನಾನು ಕಟ್ಟಿದ್ದು.”

ಅವರು ಮೊದಲು ತಮಾಷೆ ಎಂದುಕೊಂಡರು. ನನ್ನ ಮುಖ ನೋಡಿದ ಮೇಲೆ ಹ್ಯಾಟು ತೆಗೆದು ಮೆಟ್ಟಿಲ ಮೇಲೆ ಕೂತರು. ನಾನು ಎಲ್ಲ ಹೇಳಿದೆ, ಆಸರೆ ಗೋಡೆ, ಬಚ್ಚಲಿನ ಇಟ್ಟಿಗೆ, ಬೆರಳು ಒಳಸರಿಸದೇ ಇದ್ದದ್ದು, ಹೊಗಳಿಸಿಕೊಂಡು ತಿಂಗಳು ಸುಮ್ಮನಿದ್ದದ್ದು. ಭಿಕ್ಷುವಿಗೂ ನಾನೇ ಹೋಗಿ ಹೇಳಿದೆ. ಅವರು ನನ್ನ ಎರಡೂ ಅಂಗೈ ತಿರುಗಿಸಿ ನೋಡಿ, ಸುಣ್ಣ ತಿಂದ ಕಲೆಗಳ ಮೇಲೆ ಹೆಬ್ಬೆರಳು ಆಡಿಸಿದರು.

ಮೇಡಂ ನಂಬಿದರು, ಕಚೇರಿ ನಂಬಲಿಲ್ಲ. ರಾಮಪ್ರಸಾದ್ ಸಾಹೇಬರು ಅಷ್ಟರಲ್ಲಿ ಮೈಸೂರಿನಲ್ಲಿ ದೊಡ್ಡ ಕುರ್ಚಿಯಲ್ಲಿದ್ದರು. ಫಲಕ ಕೊರೆದಾಗಿದೆ, ಲೇಖನ ಅಚ್ಚಿಗೆ ಹೋಗಿದೆ, ಕಡತದಲ್ಲಿ ಜಾಗದ ವಿವರ ಇಲ್ಲ. ನಿವೃತ್ತಿಗೆ ನಾಲ್ಕು ವರ್ಷ ಇಟ್ಟುಕೊಂಡು ನಿಯಮ ಮುರಿದೆ ಎಂದು ನೀವೇ ಬರೆದುಕೊಟ್ಟರೆ ವಿಚಾರಣೆ ಗ್ಯಾರಂಟಿ ಎಂದರು. ಅವರ ಹೆಸರೂ ಅದರಲ್ಲಿ ಬರುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನನಗೆ ಭಯವಾಗಲಿಲ್ಲ ಎಂದರೆ ಸುಳ್ಳು.

“ಒಡಸ್ಬುಡಿ ಸಾ,” ಎಂದೆ. “ಬುಡ್ದಲ್ಲಿ ಹಳೇ ಸಿಮೆಂಟ್ ಚೀಲ ಹಾಸಿವ್ನಿ, ಗಾರೆ ನೀರು ಮಣ್ಣಿಗ್ ಹೋಗ್ಬಾರ್ದು ಅಂತ. ಚೀಲ ಸಿಕ್ಲಿಲ್ಲ ಅಂದ್ರೆ ನನ್ನೇ ಸುಳ್ಳ ಅಂತ ಬರ್ಕಳಿ.”

ಸಾಹೇಬರು ಬಿಳಿ ಹಾಳೆ ಎಳೆದುಕೊಂಡು ತಾವೇ ಬರೆದರು. ಗೋಡೆ ತಮ್ಮ ಆದೇಶದಂತೆ ಕಟ್ಟಿದ್ದು, ನಿಯಮ ಪಾಲಿಸಿದೆಯೇ ಎಂದು ತಾವು ಪರೀಕ್ಷಿಸಲಿಲ್ಲ ಎಂದು. ನನ್ನ ಹೆಸರನ್ನು ಎರಡನೆಯ ಸಾಲಿಗೆ ಹಾಕಿದರು. ಮುಂದೆ ಇಬ್ಬರಿಗೂ ನೋಟೀಸು ಬಂತು, ನನಗೆ ಒಂದು ವರ್ಷದ ಇಂಕ್ರಿಮೆಂಟು ನಿಂತಿತು.

ಒಡೆಯುವ ಕೆಲಸವನ್ನು ನನಗೇ ಕೊಡಿ ಎಂದು ಕೇಳಿಕೊಂಡೆ. ಮೂವರು ಆಳು ಕೊಟ್ಟರು. ಒಂದು ದಿನದ ಕೆಲಸ ಎಂದು ಬಂದವರು ಅವರು. ಸಂಜೆಯಾದರೂ ಎರಡು ವರಸೆ ಇಟ್ಟಿಗೆಯೂ ಇಳಿಯಲಿಲ್ಲ. ಉಳಿ ಇಟ್ಟರೆ ಉಳಿ ಜಾರುತ್ತದೆ, ಸುತ್ತಿಗೆ ಬಿದ್ದರೆ ಕೈ ಜುಂ ಎನ್ನುತ್ತದೆ. ಇದನ್ನು ಕಟ್ಟಿದೋನ್ ಯಾವನು ಸಾ, ಇನ್ನೇನ್ ಕೆಲಸ ಇರ್ಲಿಲ್ವ ಅವನಿಗೆ ಎಂದು ಒಬ್ಬ ಹಣೆ ಒರೆಸಿಕೊಳ್ಳುತ್ತಾ ಬೈದ. ನಾನು ಪಕ್ಕದಲ್ಲೇ ಕೂತು ಬೈಗುಳವನ್ನು ಕೇಳಿದೆ. ನಾಚಿಕೆ ಒಂದು ಕಡೆ, ಒಳಗೊಳಗೇ ಜಂಬ ಇನ್ನೊಂದು ಕಡೆ. ಇವತ್ತು ಬರೆಯುತ್ತಿರುವಾಗಲೂ ಆ ಜಂಬ ಹೋಗಿಲ್ಲ. ಇಟ್ಟಿಗೆಗೆ ಪೆಟ್ಟಾಗದಂತೆ ಬಿಡಿಸಲು ಐದು ದಿನ ಹಿಡಿಯಿತು. ಕಡೆಯ ವರಸೆಗಳನ್ನು ನಾನೇ ಬಿಡಿಸಿದೆ. ಹೇಗೆ ಕೂರಿಸಿದ್ದೆ ಎಂದು ಬೆರಳುಗಳಿಗೆ ನೆನಪಿತ್ತು.

ಐದನೆಯ ದಿನ ಸಿಮೆಂಟ್ ಚೀಲ ಸಿಕ್ಕಿತು. ಮೇಲಿನ ಅಕ್ಷರ ಕೂಡ ಮಾಸಿರಲಿಲ್ಲ. ಮೇಡಂ ಅದನ್ನು ಬಿಡಿಸಿ ಹಿಡಿದು, ಬುಡ ನೋಡದೆ ಬರೆದ ತಪ್ಪು ನನ್ನದು, ಇದನ್ನು ಪಾಠ ಮಾಡುವಾಗ ಹುಡುಗರಿಗೆ ತೋರಿಸುತ್ತೇನೆ ಎಂದು ಮಡಿಸಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಬಿಡಲಿಲ್ಲ. ಹೇಗೂ ತೆರೆದಿದೆ, ಕೆಳಗಿನ ಮಣ್ಣನ್ನೂ ನೋಡೋಣ ಎಂದರು.

ಮೊಣಕಾಲುದ್ದ ಮಣ್ಣು ತೆಗೆದ ಮೇಲೆ ಇಟ್ಟಿಗೆ ಹಾಸಿದ ನೆಲ ಕಂಡಿತು. ಅಂಗಳದಿಂದ ಹೊಳೆಯ ಕಡೆಗೆ ನೇರವಾಗಿ ಹೋಗುವ ನೆಲ. ಎರಡೂ ಅಂಚಿನ ಇಟ್ಟಿಗೆ ಮಟ್ಟಸವಾಗಿತ್ತು, ನಡುವಿನದು ಸವೆದು ತಗ್ಗಾಗಿತ್ತು. ಮೇಡಂ ಬ್ರಷ್ಷಿನಲ್ಲಿ ಧೂಳು ತೆಗೆದು, ಹೊಳೆಯ ಕಡೆಗೊಮ್ಮೆ ಅಂಗಳದ ಕಡೆಗೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಇದು ಕೋಣೆ ಅಲ್ಲ ಮಲ್ಲಪ್ಪನವರೇ. ಬಾಗಿಲು. ಹೊಳೆಯಲ್ಲಿ ಮಿಂದು ಅವರು ಒಳಗೆ ಬರ್ತಿದ್ದ ದಾರಿ ಇದು.”

ಎಷ್ಟು ವರ್ಷ, ಎಷ್ಟು ಜನ ಬರಿಗಾಲಲ್ಲಿ ನಡೆದರೆ ಸುಟ್ಟ ಇಟ್ಟಿಗೆ ಹಾಗೆ ಸವೆಯುತ್ತದೆ ಎಂದು ನಾನು ಲೆಕ್ಕ ಹಾಕಲು ಹೋಗಲಿಲ್ಲ. ಅಷ್ಟು ಚೆಂದದ ಗೋಡೆ ಕಟ್ಟಿ ನಾನು ಅವರ ಬಾಗಿಲನ್ನೇ ಮುಚ್ಚಿದ್ದೆ. ಕಣ್ಣು ತುಂಬಿತು. ಯಾರಿಗೂ ಕಾಣದಂತೆ ಕೈತೊಳೆಯುವ ನೆಪದಲ್ಲಿ ಹೊಳೆಗೆ ಇಳಿದೆ.

ಹೊಳೆಯವರೆಗೂ ಮಣ್ಣು ತೆಗೆದು ದಾರಿ ಬಿಡಿಸಿದೆವು. ಎಂಟನೆಯ ಕೋಣೆಗೆ ಬೇರೆ ಕಡೆಯಿಂದ ಆಸರೆ ಕಟ್ಟಿದೆ, ಈ ಸಲ ಒಂದು ಬೆರಳು ಒಳಸರಿಸಿ. ನೋಡಲು ಚೆನ್ನಾಗಿಲ್ಲ. ಹೊಸಬರಿಗೆ ಹೇಳುವುದು ಇಷ್ಟು: ಚೆನ್ನಾಗಿ ಕಾಣದಿದ್ದರೂ ಹಾಗೇ ಕಟ್ಟಿ. ಬಿಡಿಸಿದ ಇಟ್ಟಿಗೆಗಳಿಗೆ ನಂಬರ್ ಹಾಕಿ ಶೆಡ್ಡಿನಲ್ಲಿ ಜೋಡಿಸಿದೆವು. ಫಲಕವನ್ನು ಮತ್ತೆ ಕೊರೆಸಿದರು. ಎಂಟು ಕೋಣೆ, ಹೊಳೆಯ ಕಡೆಗೆ ಒಂದು ಬಾಗಿಲು ಎಂದಿದೆ. ಮೇಸ್ತ್ರಿಗಳ ಹೆಸರು ಹಾಕುವ ಪದ್ಧತಿ ಇಲ್ಲ, ನಾನು ಕೇಳಲೂ ಇಲ್ಲ.

ನಿವೃತ್ತನಾದ ವರ್ಷ ನರಸೀಪುರದಲ್ಲಿ ನೆಂಟರ ಮದುವೆ ಮುಗಿಸಿಕೊಂಡು ಬರುವಾಗ ನನ್ನ ಹೆಂಡತಿ ಗೌರಮ್ಮನನ್ನು ಮಾಳಿಗೆಹುಂಡಿಯಲ್ಲಿ ಬಸ್ಸಿನಿಂದ ಇಳಿಸಿದೆ. ಮೂವತ್ತು ಚಿಲ್ಲರೆ ವರ್ಷ ನನ್ನ ಬಟ್ಟೆಯ ಸುಣ್ಣ ಒಗೆದವಳು, ಒಂದು ಕೆಲಸವನ್ನೂ ನೋಡಿರಲಿಲ್ಲ. ಬಿಸಿಲಿಗೆ ಅವಳು ಮೊದಲು ಹೊಳೆಗೆ ಇಳಿದು ಮುಖ ತೊಳೆದುಕೊಂಡಳು. ಅಲ್ಲಿಂದ, ನಾನು ದಾರಿ ತೋರಿಸುವ ಮೊದಲೇ, ಒದ್ದೆಗಾಲಲ್ಲಿ ಸೀದಾ ಅಂಗಳಕ್ಕೆ ನಡೆದು ಬಂದಳು. ನಡುವೆ ನಿಂತು ಎಂಟೂ ಕೋಣೆ ನೋಡಿದಳು.

“ಇವೆಲ್ಲ ಅವರ್ ಕಾಲ್ದವು ಅಂತೀರಲ್ಲ,” ಎಂದಳು. “ನೀವ್ ಮಾಡಿದ್ ಕೆಲ್ಸ ಎಲ್ಲದೆ ಇದ್ರಲ್ಲಿ?”

“ಈಗ ನೀನು ಬಂದ್ಯಲ್ಲ, ಆ ದಾರಿನೇ ಕಣೆ,” ಎಂದೆ.

ಅವಳು ತಿರುಗಿ ನೋಡಿದಳು. ಸವೆದ ಇಟ್ಟಿಗೆಯ ಮೇಲೆ ಅವಳ ಒದ್ದೆ ಹೆಜ್ಜೆ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.